ಕುಂಕುಮದ ಭರಣಿ ಕೇಳದೆ ಒಯ್ದವರು

ನಮ್ಮ ಕಡೆ ಸಿಂಧೂರ ಹಚ್ಚುವುದು ಆಂಜನೇಯನಿಗೆ. ಹೆಂಗಸರು ಹಣೆಗಿಟ್ಟುಕೊಳ್ಳುವುದು ಕುಂಕುಮ. ಸಿಂಗಟಗೆರೆಯಿಂದ ಹಿಡಿದು ಕಡೂರು, ಬೀರೂರು, ತರೀಕೆರೆಯವರೆಗೆ ಯಾವ ಮನೆಯ ದೇವರ ಗೂಡು ನೋಡಿದರೂ ಇರುವುದು ಅರಿಶಿನ-ಕುಂಕುಮದ ಭರಣಿಯೇ. ಬೈತಲೆಗೆ ಸಿಂಧೂರ ತುಂಬಿಕೊಳ್ಳುವುದು ಉತ್ತರದವರ ಪದ್ಧತಿ. ಅದನ್ನು ನಮಗೆ ತೋರಿಸಿದ್ದು ಹಿಂದಿ ಸಿನಿಮಾ, ಆಮೇಲೆ ಹಿಂದಿ ಧಾರಾವಾಹಿಗಳು. ಹೀಗಾಗಿ 2025ರ ಮೇ 7ರ ಬೆಳಿಗ್ಗೆ ಟಿ.ವಿ.ಯಲ್ಲಿ ‘ಆಪರೇಷನ್ ಸಿಂಧೂರ’ ಎಂಬ ದಪ್ಪ ಅಕ್ಷರಗಳು ಬಂದಾಗ ಒಲೆಯ ಮುಂದಿದ್ದ ನಮ್ಮ ಸೋದರತ್ತೆ, “ಸಿಂಧೂರ ಅಂದ್ರೆ ಯಾರ ಮಗಳೇ? ಯಾವ ಆಸ್ಪತ್ರೇಲಿ ಆಪರೇಷನ್ನು?” ಎಂದು ಕೇಳಿದರು. ನಗಬೇಡಿ. ಆ ದಿನ ಯಾವ ಚಾನೆಲ್ಲಿನವರೂ ಕೇಳದಿದ್ದ ಪ್ರಶ್ನೆಯನ್ನು ಆಕೆ ಕೇಳಿದ್ದರು. ಆಪರೇಷನ್ ಯಾರಿಗೆ, ನೋವು ಯಾರಿಗೆ, ಬಿಲ್ಲು ಯಾರ ಹೆಸರಿಗೆ?

ಕಾರಣ ಎಲ್ಲರಿಗೂ ಗೊತ್ತಿರುವುದೇ. ಆ ವರ್ಷದ ಏಪ್ರಿಲ್ 22ರಂದು ಕಾಶ್ಮೀರದ ಪಹಲ್ಗಾಮ್ ಹತ್ತಿರದ ಬೈಸರನ್ ಹುಲ್ಲುಗಾವಲಿನಲ್ಲಿ ಭಯೋತ್ಪಾದಕರು 26 ಜನರನ್ನು ಕೊಂದರು. ಹೆಂಡತಿ ಮಕ್ಕಳ ಕಣ್ಣೆದುರೇ ಧರ್ಮ ಕೇಳಿ ಗಂಡಸರಿಗೆ ಗುಂಡಿಕ್ಕಿದರು. ಸತ್ತವರಲ್ಲಿ ಒಬ್ಬರು ನಮ್ಮ ಪಕ್ಕದ ಶಿವಮೊಗ್ಗದವರು. ಪ್ರವಾಸಿಗರನ್ನು ಉಳಿಸಲು ಹೋದ ಒಬ್ಬ ಸ್ಥಳೀಯ ಕುದುರೆಯವನೂ ಸತ್ತ. ಹದಿನೈದು ದಿನ ಕಳೆದು ನಮ್ಮ ಸೇನೆ ಗಡಿಯಾಚೆಯ 9 ನೆಲೆಗಳ ಮೇಲೆ ದಾಳಿ ಮಾಡಿತು. ಗಂಡಂದಿರನ್ನು ಕಳೆದುಕೊಂಡ ಹೆಣ್ಣುಮಕ್ಕಳ ನೆನಪಿಗೆ ಆ ಕಾರ್ಯಾಚರಣೆಗೆ ಸಿಂಧೂರದ ಹೆಸರಿಟ್ಟರು.

ಸೈನಿಕನ ಮೇಲೆ ನನ್ನ ತಕರಾರಿಲ್ಲ. ಅವನಿಗೆ ಹೋಗು ಎಂದರು, ಹೋದ; ನಿಲ್ಲು ಎಂದರು, ನಿಂತ. ಕೊಂದವರಿಗೆ ಶಿಕ್ಷೆಯಾಗಬೇಕು ಎನ್ನುವುದರಲ್ಲೂ ನನಗೆ ಎರಡು ಮಾತಿಲ್ಲ. ನನ್ನ ಜಗಳವಿರುವುದು ಯುದ್ಧಕ್ಕೆ ಹೋಗದೆ ಯುದ್ಧ ಮಾಡಿದವರ ಜೊತೆ: ಬೆಂಗಳೂರು-ದಿಲ್ಲಿಯ ಸ್ಟುಡಿಯೋಗಳಲ್ಲಿ ಕೋಟು ತೊಟ್ಟು ಕೂತವರು, ವೇದಿಕೆಯ ಮೇಲೆ ಮೈಕು ಹಿಡಿದವರು. ನಮ್ಮ ಕುಂಕುಮದ ಭರಣಿಯನ್ನು ನಮ್ಮನ್ನು ಕೇಳದೆ ಎತ್ತಿಕೊಂಡು ಹೋದರು. ನಾಲ್ಕು ದಿನ ಊರೆಲ್ಲ ಎರಚಾಡಿದರು. ಕುಂಕುಮ ಕಳೆದುಕೊಂಡವಳು ಬಾಯಿ ತೆರೆದಾಗ ಮಾತ್ರ, ನೀನು ಸುಮ್ಮನಿರಮ್ಮ ಎಂದರು. ಈ ಬರಹದಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೇ.

ಮೇ 8ರ ರಾತ್ರಿಯನ್ನು ನೆನೆಸಿಕೊಳ್ಳಿ. ನೀವೂ ನೋಡಿರುತ್ತೀರಿ. ಗುರುವಾರ, ಊಟದ ಹೊತ್ತು. ಇನ್ನೇನು ರಾಗಿಮುದ್ದೆ ತಟ್ಟೆಗೆ ಬೀಳಬೇಕು, ಅಷ್ಟರಲ್ಲಿ ಕರಾಚಿ ಬಿತ್ತು. ಸಾರು ಬಡಿಸುವಷ್ಟರಲ್ಲಿ ಇಸ್ಲಾಮಾಬಾದಿಗೆ ನಮ್ಮ ಸೇನೆ ನುಗ್ಗಿತು. ಮಜ್ಜಿಗೆಗೆ ಬರುವ ಹೊತ್ತಿಗೆ ಪಾಕಿಸ್ತಾನದ ಸೇನಾ ಮುಖ್ಯಸ್ಥ ಬಂಧನದಲ್ಲಿದ್ದ, ಪ್ರಧಾನಿ ಬಂಕರಿನಲ್ಲಿದ್ದ. ಹಿಂದಿಯಲ್ಲಿ ಬಿದ್ದ ಊರುಗಳು ಕನ್ನಡದಲ್ಲಿ ಬೀಳಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಅಷ್ಟರಲ್ಲಿ ಸಿಂಗಟಗೆರೆಯಲ್ಲಿ ಕರೆಂಟು ಹೋಯಿತು. ಮೇ ತಿಂಗಳ ಮಳೆಗಾಳಿ, ನಮಗೇನೂ ಹೊಸದಲ್ಲ. ಬೆಳಿಗ್ಗೆ ಕರೆಂಟು ಬಂದಾಗ ನೋಡಿದರೆ ಕರಾಚಿ ತನ್ನ ಪಾಡಿಗೆ ನಿಂತಿತ್ತು, ಇಸ್ಲಾಮಾಬಾದಿನಲ್ಲಿ ಹಾಲಿನವನು ಹಾಲು ಹಾಕುತ್ತಿದ್ದಿರಬೇಕು, ಸೇನಾ ಮುಖ್ಯಸ್ಥ ಅವನ ಕುರ್ಚಿಯಲ್ಲೇ ಇದ್ದ. ಇಡೀ ದೇಶವನ್ನು ರಾತ್ರೋರಾತ್ರಿ ಗೆದ್ದು ಬೆಳಗಾಗುವಷ್ಟರಲ್ಲಿ ಹಿಂದಿರುಗಿಸಿದ ಉದಾರಿಗಳು ಚರಿತ್ರೆಯಲ್ಲಿ ಇನ್ನಾರೂ ಇರಲಿಕ್ಕಿಲ್ಲ.

ಮೇ 11ರಂದು ನೌಕಾಪಡೆಯ ಹಿರಿಯ ಅಧಿಕಾರಿ ಪತ್ರಿಕಾಗೋಷ್ಠಿಯಲ್ಲಿ, ಕರಾಚಿಯೂ ಸೇರಿದಂತೆ ಗುರಿಗಳ ಮೇಲೆ ದಾಳಿಗೆ ಸಿದ್ಧವಾಗಿದ್ದೆವು ಎಂದರೇ ಹೊರತು ಹೊಡೆದೆವು ಎನ್ನಲಿಲ್ಲ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಜನವರಿಯಲ್ಲಿ ವಿಮಾನ ಬಿದ್ದು ಉರಿದ ದೃಶ್ಯವೇ ಕರಾಚಿಯದೆಂದು ಹರಿದಾಡಿತ್ತು. ಹುಡುಗರು ಮೊಬೈಲಿನಲ್ಲಿ, ಕಂಪ್ಯೂಟರಿನಲ್ಲಿ ಆಡುವ ಯುದ್ಧದ ಆಟದ ಚಿತ್ರಗಳೂ ರಣರಂಗದ ಚಿತ್ರಗಳಾಗಿ ಮನೆಮನೆಗೆ ಬಂದವು. ಒಂದೆರಡು ಕಡೆ ಕ್ಷಮೆ ಕೇಳಿದರು. ಉಳಿದವರು ಅದನ್ನೂ ಕೇಳಲಿಲ್ಲ. ನಮ್ಮ ಊರಿನ ಅಂಗಡಿಯವನು ಅರ್ಧ ಕೆ.ಜಿ. ಬೇಳೆ ಕಡಿಮೆ ತೂಗಿದರೆ ಮರುದಿನ ಬೀದಿಯಲ್ಲಿ ನಿಲ್ಲಿಸಿ ಕೇಳುತ್ತೇವೆ. ಒಂದು ದೇಶವನ್ನೇ ಸುಳ್ಳು ತೂಗಿದವರನ್ನು ಕೇಳಲಿಲ್ಲ. ಮರುದಿನವೂ ಅವರದೇ ಅಂಗಡಿಗೆ ಹೋದೆವು.

ಈ ಬಯಲುಸೀಮೆಗೆ ಯುದ್ಧ ಗೊತ್ತಿಲ್ಲದ್ದೇನಲ್ಲ. ಅಜ್ಜಂಪುರದಲ್ಲಿ ಇವತ್ತಿಗೂ ಸಾಕುವ ಅಮೃತಮಹಲ್ ತಳಿಯ ಎತ್ತುಗಳು ಹೈದರಾಲಿ, ಟಿಪ್ಪುವಿನ ಸೈನ್ಯದ ಫಿರಂಗಿ ಎಳೆದವು. ಅವರ ಕಾಲ ಮುಗಿದ ಮೇಲೆ ಇಂಗ್ಲಿಷರ ಫಿರಂಗಿಯನ್ನೂ ಎಳೆದವು. ಯಾರ ಕಡೆಯದೆಂದು ಕೇಳಲಿಲ್ಲ, ಹೊತ್ತ ಭಾರಕ್ಕೆ ಕೂಗಾಡಲೂ ಇಲ್ಲ. ಸ್ಟುಡಿಯೋದಲ್ಲಿ ಭಾರ ಹೊತ್ತವರು ಯಾರೂ ಇರಲಿಲ್ಲ. ಕೂಗಾಟಕ್ಕೆ ಮಾತ್ರ ಬರವಿರಲಿಲ್ಲ.

ಕೂಗಾಟದ ಜೊತೆಗೆ ಸೈರನ್ ಬೇರೆ. ಮೇ 7ರಂದು ದೇಶದ ಹಲವು ಜಿಲ್ಲೆಗಳಲ್ಲಿ ನಾಗರಿಕ ರಕ್ಷಣೆಯ ಅಣಕು ಕವಾಯತು ನಡೆಯಿತು. ನಮ್ಮ ರಾಜ್ಯದಲ್ಲಿ ಬೆಂಗಳೂರು, ಕಾರವಾರ, ರಾಯಚೂರನ್ನು ಆರಿಸಿದ್ದರು. ಕೇಳಿದರೆ ಓಡಿ ಆಸರೆ ಹುಡುಕಿಕೊಳ್ಳಬೇಕೆಂದು ಜನರಿಗೆ ಕಲಿಸಿದ ಅದೇ ಸೈರನ್ನನ್ನು ಚಾನೆಲ್ಲುಗಳು ಹಿನ್ನೆಲೆ ಸಂಗೀತ ಮಾಡಿಕೊಂಡವು. ಕೊನೆಗೆ ಮೇ 10ರಂದು ಕೇಂದ್ರದ ನಾಗರಿಕ ರಕ್ಷಣಾ ಇಲಾಖೆಯೇ, ದಯವಿಟ್ಟು ನಿಮ್ಮ ಕಾರ್ಯಕ್ರಮಗಳಲ್ಲಿ ಸೈರನ್ ಸದ್ದು ಬಳಸಬೇಡಿ, ದಿನವೂ ಕೇಳಿ ಕೇಳಿ ಜನ ನಿಜವಾದ ಸೈರನ್ನಿಗೂ ಏಳದೆ ಹೋದಾರು ಎಂಬರ್ಥದ ಸೂಚನೆ ಹೊರಡಿಸಬೇಕಾಯಿತು. ತೋಳ ಬಂತು ತೋಳ ಎಂದ ಕುರಿಗಾಹಿ ಹುಡುಗನ ಕಥೆಯನ್ನು ಎರಡನೇ ಕ್ಲಾಸಿನ ಮಕ್ಕಳಿಗೆ ಹೇಳುತ್ತೇವೆ. ಅದನ್ನು ಪದವಿ ಪಡೆದವರಿಗೆ ಸರ್ಕಾರ ಆದೇಶ ಹೊರಡಿಸಿ ಹೇಳಿತು.

ನಮ್ಮ ಬೀದಿಯಲ್ಲಿ ಒಬ್ಬ ತಾಯಿ ಇದ್ದಾಳೆ. ಮಗ ಸೇನೆಯಲ್ಲಿ, ಆಗ ರಾಜಸ್ಥಾನದ ಕಡೆ ಇದ್ದ. ಏಳನೇ ತಾರೀಖಿನಿಂದ ಅವನ ಫೋನು ಬಂದ್. ಎಂಟನೇ ತಾರೀಖು ಸಂಜೆ ಜೈಸಲ್ಮೇರಿನಲ್ಲಿ ಡ್ರೋನ್ ಎಂದು ಟಿ.ವಿ. ಹೇಳಿತು. ಆಕೆ ಒಂದು ಚಾನೆಲ್ ಹಾಕಿದಳು, ಅಲ್ಲಿ ಗೆದ್ದಾಗಿತ್ತು. ಇನ್ನೊಂದು ಹಾಕಿದಳು, ಅಲ್ಲಿ ಸೈರನ್. ಮತ್ತೊಂದರಲ್ಲಿ ಚಿನ್ನದಂಗಡಿಯ ಜಾಹೀರಾತು. ಒಂದು ಗಂಟೆ ಹೀಗೆ ಒತ್ತಿ ಒತ್ತಿ ನೋಡಿ, ರಿಮೋಟನ್ನು ದಿಂಬಿನ ಕೆಳಗಿಟ್ಟು ನಮ್ಮ ಜಗಲಿಗೆ ಬಂದು ಕೂತಳು. “ಅಷ್ಟೊಂದು ಮಾತಾಡ್ತಾರೆ ಕಣಮ್ಮ, ಒಂದು ಸಮಾಚಾರ ಹೇಳಲ್ಲ,” ಎಂದಳು. ಇಡೀ ಬೀದಿಯಲ್ಲಿ ಸುದ್ದಿ ನಿಜವಾಗಿ ಬೇಕಾಗಿದ್ದವಳು ಅವಳೊಬ್ಬಳು. ಉಳಿದವರಿಗೆ ಅದು ಕ್ರಿಕೆಟ್ಟು. ಆ ಒಬ್ಬಳಿಗೆ ಮಾತ್ರ ಸುದ್ದಿ ಸಿಗಲಿಲ್ಲ. ಹನ್ನೊಂದನೇ ತಾರೀಖು ಮಗನೇ ಫೋನು ಮಾಡಿ, ಊಟ ಆಯ್ತಾ ಎಂದು ಕೇಳಿದ. ಯುದ್ಧದ ವರದಿ ಎಂದರೆ ಅವಳ ಪಾಲಿಗೆ ಅದು.

ನಮಗೆ ತೋರಿಸಿದ್ದು ಬೀಳದ ಊರುಗಳನ್ನು. ಬಿದ್ದ ಮನೆಗಳಿದ್ದುದು ನಮ್ಮದೇ ದೇಶದ ಪೂಂಛ್‌ನಲ್ಲಿ. ಗಡಿಯಾಚೆಯಿಂದ ಬಂದ ಶೆಲ್ಲುಗಳಿಗೆ ಅಲ್ಲಿ ಮನೆ, ಗುರುದ್ವಾರ, ಮದರಸಾ ಒಂದೂ ಬೇರೆ ಬೇರೆಯಾಗಿ ಕಾಣಲಿಲ್ಲ. ಹನ್ನೆರಡು ವರ್ಷದ ಅವಳಿ ಮಕ್ಕಳು, ಅಕ್ಕ ತಮ್ಮ, ಜೊತೆಗೇ ಸತ್ತರು. ಒಂದು ಮದರಸಾದ ಶಿಕ್ಷಕ ಶೆಲ್ಲಿಗೆ ಸಿಕ್ಕಿ ಸತ್ತ. ಕೆಲವು ಚಾನೆಲ್ಲುಗಳು ಅವನ ಫೋಟೋ ತೋರಿಸಿ, ನಮ್ಮ ಸೇನೆ ಕೊಂದ ಭಯೋತ್ಪಾದಕ ಇವನೇ ಎಂದವು. ಪೂಂಛ್ ಪೊಲೀಸರೇ ಅದು ಸುಳ್ಳೆಂದು ಪ್ರಕಟಣೆ ಕೊಟ್ಟರು. ಜೂನ್ ಕೊನೆಯಲ್ಲಿ ಅಲ್ಲಿನ ನ್ಯಾಯಾಲಯ ಚಾನೆಲ್ಲುಗಳ ಮೇಲೆ ಎಫ್‌ಐಆರ್ ದಾಖಲಿಸಲು ಹೇಳಿತು. ಅವನ ಹೆಂಡತಿಯ ಜಾಗದಲ್ಲಿ ನಿಂತು ನೋಡಿ. ಮಧ್ಯಾಹ್ನ ಗಂಡ ಸತ್ತಿದ್ದಾನೆ. ಸಂಜೆ ಟಿ.ವಿ. ಹಾಕಿದರೆ ದೇಶ ಅವನ ಸಾವಿಗೆ ಚಪ್ಪಾಳೆ ತಟ್ಟುತ್ತಿದೆ. ಅವಳಿಗೆ ಆದ ಕಾರ್ಯಾಚರಣೆಗೆ ಯಾವ ಹೆಸರು?

ಬಾಯಿ ತೆರೆದ ಹೆಣ್ಣುಮಕ್ಕಳ ವಿಷಯಕ್ಕೆ ಬರೋಣ. ಶಿವಮೊಗ್ಗದ ಹೆಣ್ಣುಮಗಳು ಗಂಡನ ದೇಹದ ಹತ್ತಿರವಿದ್ದಾಗಲೇ ಫೋನಿನಲ್ಲಿ ಮಾತನಾಡಬೇಕಾಯಿತು. ಆಕೆ ಎರಡು ಸಂಗತಿ ಹೇಳಿದರು. ಹೋಗಿ ಮೋದಿಗೆ ಹೇಳು ಎಂದು ಕೊಂದವನು ಅಂದದ್ದು ಒಂದು. ಸ್ಥಳೀಯ ಕಾಶ್ಮೀರಿ ಹುಡುಗರು ತಮ್ಮನ್ನು ಕಾಪಾಡಿ ಕೆಳಗೆ ಕರೆತಂದದ್ದು ಇನ್ನೊಂದು. ಮೊದಲನೆಯದು ಬೆಳಗಿನಿಂದ ರಾತ್ರಿಯವರೆಗೆ ದಪ್ಪ ಅಕ್ಷರದಲ್ಲಿ ಓಡಿತು. ಎರಡನೆಯದು ಎಷ್ಟು ಸಲ ಬಂತು, ನೀವೇ ಲೆಕ್ಕ ಹಾಕಿ. ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಹೋಗುವ ರೈಲು ಕಡೂರು, ಬೀರೂರು, ತರೀಕೆರೆ ದಾಟಿಯೇ ಹೋಗಬೇಕು. ಹೆಣ್ಣುಮಗಳ ಮಾತು ಮಾತ್ರ ಅರ್ಧ ದಾರಿಯಲ್ಲೇ ಇಳಿದುಹೋಯಿತು.

ಹರಿಯಾಣದ ಕರ್ನಾಲಿನ ನೌಕಾಪಡೆ ಅಧಿಕಾರಿಯೊಬ್ಬರು ಮದುವೆಯಾಗಿ ವಾರವೂ ತುಂಬಿರಲಿಲ್ಲ, ಪಹಲ್ಗಾಮಿನಲ್ಲಿ ಸತ್ತರು. ಗಂಡನ ಮೈಯ ಪಕ್ಕದಲ್ಲಿ ಕೂತ ಆ ಹುಡುಗಿಯ ಚಿತ್ರವನ್ನು ನೋಡದವರಿಲ್ಲ. ಕೈತುಂಬ ಮದುವೆಯ ಕೆಂಪು ಬಳೆ. ಆ ಚಿತ್ರವನ್ನು ಬಣ್ಣ ತುಂಬಿ, ಪೋಸ್ಟರ್ ಮಾಡಿ, ದೇಶವೆಲ್ಲ ಹಂಚಿದರು. ಮೇ 1ರಂದು, ಗಂಡನ ಹುಟ್ಟುಹಬ್ಬದ ದಿನ, ರಕ್ತದಾನ ಶಿಬಿರದಲ್ಲಿ ಅದೇ ಹುಡುಗಿ ಬಾಯಿ ಬಿಟ್ಟಳು. ತಪ್ಪು ಮಾಡಿದವರಿಗೆ ಶಿಕ್ಷೆಯಾಗಲಿ, ನ್ಯಾಯ ಬೇಕು; ಆದರೆ ಮುಸ್ಲಿಮರ ಮೇಲೆ, ಕಾಶ್ಮೀರಿಗಳ ಮೇಲೆ ಹಗೆ ಬೇಡ, ಶಾಂತಿ ಬೇಕು ಎಂದಳು. ಅಷ್ಟೇ. ಚಿತ್ರ ಹಂಚಿದ ಕೈಗಳೇ ಅವಳ ಮೇಲೆ ಕೆಸರೆರಚಿದವು. ಅವಳ ಓದು, ಅವಳ ಗೆಳೆಯರು, ಅವಳ ನಡತೆ, ಎಲ್ಲವನ್ನೂ ಬೀದಿಗೆಳೆದರು. ರಾಷ್ಟ್ರೀಯ ಮಹಿಳಾ ಆಯೋಗವೇ ಇದು ಸರಿಯಲ್ಲ ಎನ್ನಬೇಕಾಯಿತು. ಹುಡುಗಿ ಅದೇ, ಬಳೆ ಅದೇ, ದುಃಖ ಅದೇ. ಬದಲಾದದ್ದು ಒಂದೇ: ಚಿತ್ರದಲ್ಲಿದ್ದವಳು ಮಾತನಾಡಿಬಿಟ್ಟಿದ್ದಳು.

ಮಾತನಾಡಿದರೆ ಹೀಗೆ. ಸುಮ್ಮನಿದ್ದರೆ? ಮೇ 24ರಂದು ಹರಿಯಾಣದ ಬಿಜೆಪಿ ರಾಜ್ಯಸಭಾ ಸದಸ್ಯ ರಾಮಚಂದರ್ ಜಾಂಗ್ರಾ, ಪಹಲ್ಗಾಮಿನಲ್ಲಿ ಗಂಡನನ್ನು ಕಳೆದುಕೊಂಡ ಹೆಂಗಸರಲ್ಲಿ ವೀರನಾರಿಯ ಕೆಚ್ಚಿರಲಿಲ್ಲ, ಎದುರು ಬಿದ್ದು ಹೋರಾಡಬೇಕಿತ್ತು ಎಂಬರ್ಥದ ಮಾತಾಡಿದರು. ಬಂದೂಕು ಹಿಡಿದವರ ಮುಂದೆ ವ್ಯಾನಿಟಿ ಬ್ಯಾಗು ಬೀಸಿ ಗೆಲ್ಲಬೇಕಿತ್ತು ಎಂದಿರಬೇಕು. ಆ ಹುಲ್ಲುಗಾವಲಿನಲ್ಲಿ ಕಾವಲಿಗೆ ಯಾರೂ ಯಾಕಿರಲಿಲ್ಲ ಎಂದು ಕೇಳಬೇಕಾದ ಸಂಸತ್ ಸದಸ್ಯರು ಲೆಕ್ಕ ಕೇಳಿದ್ದು ವಿಧವೆಯರನ್ನು.

ಯುದ್ಧದ ವಿವರ ಕೊಡಲು ಸರ್ಕಾರ ಇಬ್ಬರು ಮಹಿಳಾ ಅಧಿಕಾರಿಗಳನ್ನು ಮುಂದೆ ಕೂರಿಸಿತು: ಸೇನೆಯ ಕರ್ನಲ್ ಸೋಫಿಯಾ ಖುರೇಷಿ, ವಾಯುಪಡೆಯ ವಿಂಗ್ ಕಮಾಂಡರ್ ವ್ಯೋಮಿಕಾ ಸಿಂಗ್. ನೋಡಿ ಎದೆಯುಬ್ಬಿತು, ಸುಳ್ಳು ಹೇಳುವುದಿಲ್ಲ. ಕರ್ನಲ್ ಸೋಫಿಯಾ ನಮ್ಮ ಬೆಳಗಾವಿ ಜಿಲ್ಲೆ ಗೋಕಾಕ ತಾಲ್ಲೂಕಿನ ಕೊಣ್ಣೂರಿನ ಸೊಸೆ. ಐದು ದಿನ ಕಳೆಯುವಷ್ಟರಲ್ಲಿ ಮಧ್ಯಪ್ರದೇಶದ ಸಚಿವ ವಿಜಯ್ ಶಾ ಎಂಬವರು, ಆಕೆ ಭಯೋತ್ಪಾದಕರ ಸೋದರಿ ಎಂಬರ್ಥ ಬರುವಂತೆ ವೇದಿಕೆಯಲ್ಲಿ ಮಾತನಾಡಿದರು. ಹೈಕೋರ್ಟ್ ತಾನಾಗಿಯೇ ಎಫ್‌ಐಆರ್ ದಾಖಲಿಸಲು ಆದೇಶ ಮಾಡಿತು. ಇನ್ನೊಂದು ಕಡೆ, ಬೆಳಗಾವಿಯಲ್ಲಿ ಆಕೆಯ ಮಾವನ ಮನೆಯ ಮೇಲೆ ಸಂಘದವರು ದಾಳಿ ಮಾಡಿದರು ಎಂಬ ಸುಳ್ಳನ್ನು ಯಾರೋ ಹರಡಿದರು. ಅದು ಶುದ್ಧ ಸುಳ್ಳೆಂದು ಬೆಳಗಾವಿ ಪೊಲೀಸರು ಹೇಳಬೇಕಾಯಿತು. ಈ ಕಡೆಯವರಿಗೂ ಅವಳು ಬೇಕು, ಆ ಕಡೆಯವರಿಗೂ ಅವಳು ಬೇಕು. ಕರ್ನಲ್ ಆಗಿ ಅಲ್ಲ, ಕಲ್ಲೆಸೆಯಲು ಒಂದು ನೆಪವಾಗಿ. ಮೇ 10ರ ಸಂಜೆ ಕದನವಿರಾಮ ಎಂದು ಘೋಷಿಸಿದ ವಿದೇಶಾಂಗ ಕಾರ್ಯದರ್ಶಿ ವಿಕ್ರಮ್ ಮಿಸ್ರಿಯವರಿಗೆ ಬಿದ್ದ ಬೈಗುಳವೂ ಕೊನೆಗೆ ಹೋಗಿ ತಲುಪಿದ್ದು ಅವರ ಮಗಳನ್ನು. ಅಪ್ಪ ಕೊಟ್ಟ ಸುದ್ದಿ ಸೇರದಿದ್ದರೆ ಮಗಳ ಮಾನ ಕಳೆಯುವ ಈ ವಿದ್ಯೆಯನ್ನು ನಮ್ಮ ವೀರರು ಯಾವ ಗರಡಿಯಲ್ಲಿ ಕಲಿತರೋ!

ನೀವು ಯಾವ ಪಕ್ಷದವರಮ್ಮ, ಬರೀ ಅವರನ್ನೇ ಬಯ್ಯುತ್ತೀರಲ್ಲ ಎಂದು ಯಾರಾದರೂ ಕೇಳಬಹುದು. ಇವರನ್ನೂ ಬಯ್ಯೋಣ, ಖರ್ಚೇನಿಲ್ಲ. ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯನವರು ಏಪ್ರಿಲ್ 26ರಂದು ಯುದ್ಧದ ಅಗತ್ಯವಿಲ್ಲ, ಭದ್ರತೆ ಬಿಗಿ ಮಾಡಿ ಎಂದರು. ನನಗೆ ಒಪ್ಪಿಗೆಯಾದ ಮಾತು. ಪಾಕಿಸ್ತಾನದ ಟಿ.ವಿ.ಯವರು ಅದನ್ನು ಎತ್ತಿ ಆಡಿದರು, ಇಲ್ಲಿಯ ವಿರೋಧ ಪಕ್ಷದವರು ಮುಖ್ಯಮಂತ್ರಿಗಳಿಗೆ ಪಾಕಿಸ್ತಾನದ ಬಿರುದನ್ನೇ ಕೊಟ್ಟರು. ಮುಖ್ಯಮಂತ್ರಿಗಳು, ಯುದ್ಧ ಬೇಡವೇ ಬೇಡ ಎಂದಿಲ್ಲ, ಅನಿವಾರ್ಯವಾದರೆ ಆಗಲಿ ಎಂದಿದ್ದೇನೆ ಎಂದು ಸಮಜಾಯಿಷಿ ಕೊಟ್ಟರು. ಅವರ ಸಂಪುಟದ ಜಮೀರ್ ಅಹ್ಮದ್ ಖಾನರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮೋದಿ, ಅಮಿತ್ ಶಾ ಬಾಂಬು ಕೊಟ್ಟರೆ ಮೈಗೆ ಕಟ್ಟಿಕೊಂಡು ತಾವೇ ಪಾಕಿಸ್ತಾನಕ್ಕೆ ಹೋಗುವುದಾಗಿ ಹೇಳಿದರು. ಅಂದು ಅವರ ಖಾತೆ ವಸತಿ. ಮನೆ ಕಟ್ಟಿಸುವ ಖಾತೆ. ಯುದ್ಧ ನಿಂತ ವಾರಕ್ಕೆ ಕೋಲಾರದ ಕಾಂಗ್ರೆಸ್ ಶಾಸಕ ಕೊತ್ತೂರು ಮಂಜುನಾಥ್, ಇದೆಲ್ಲ ಬರೀ ತೋರಿಕೆ, ಮೇಲೆ ನಾಲ್ಕು ವಿಮಾನ ಕಳಿಸಿದರು ಎಂಬಂತೆ ಮಾತಾಡಿದರು. ವಿಮಾನದಲ್ಲಿದ್ದವರಿಗೂ ಮನೆಯಲ್ಲಿ ತಾಯಿ ಇದ್ದಾಳೆ ಎಂಬುದು ಕೋಲಾರಕ್ಕೆ ಕಾಣಲಿಲ್ಲ. ಎರಡೂ ಪಕ್ಷದವರು ಬೆಂಗಳೂರಿನಲ್ಲಿ ಬೇರೆ ಬೇರೆ ದಿನ ಒಂದೇ ಬಾವುಟ ಹಿಡಿದು ಮೆರವಣಿಗೆ ಹೋದರು.

ಇದು ಹೊಸ ಚಾಳಿಯೂ ಅಲ್ಲ. 2019ರ ಫೆಬ್ರವರಿ 14ರಂದು ಪುಲ್ವಾಮಾದಲ್ಲಿ 40 ಮಂದಿ ಸಿಆರ್‌ಪಿಎಫ್ ಯೋಧರು ಸತ್ತರು. ಅವರಲ್ಲೊಬ್ಬ ಮದ್ದೂರು ತಾಲ್ಲೂಕಿನ ಗುಡಿಗೆರೆಯ ಹುಡುಗ. ಫೆಬ್ರವರಿ 26ಕ್ಕೆ ಬಾಲಾಕೋಟ್ ದಾಳಿ. ಮರುದಿನವೇ ನಮ್ಮ ನೆರೆಯ ಚಿತ್ರದುರ್ಗದಲ್ಲಿ ಬಿ.ಎಸ್. ಯಡಿಯೂರಪ್ಪನವರು, ಈ ದಾಳಿಯಿಂದ ಮೋದಿ ಅಲೆ ಎದ್ದಿದೆ, ರಾಜ್ಯದ 28ರಲ್ಲಿ 22ಕ್ಕೂ ಹೆಚ್ಚು ಸೀಟು ಗೆಲ್ಲಲು ನೆರವಾಗುತ್ತದೆ ಎಂದರು. ಮಾತು ತಿರುಚಿದರು ಎಂದು ಆಮೇಲೆ ಹೇಳಿದರೆನ್ನಿ. ಚುನಾವಣೆಯಲ್ಲಿ ಬಂದದ್ದು 25. ಲೆಕ್ಕ ಮೂರು ಕಡಿಮೆ ಹೇಳಿದ್ದರು, ಅಷ್ಟೇ. ಸತ್ತ ಯೋಧನ ಹನ್ನೊಂದನೇ ದಿನದ ಕಾರ್ಯ ಮುಗಿಯುವಷ್ಟರಲ್ಲಿ ಅವನ ಚಿತೆಯ ಬೂದಿ ಎಷ್ಟು ಸೀಟಾಗುತ್ತದೆ ಎಂದು ತೂಗಿದ ತಕ್ಕಡಿ ಅದು. ನನ್ನ ಪಕ್ಷ ಯಾವುದೆಂದು ಕೇಳಿದವರಿಗೆ ಉತ್ತರ ಹೇಳುತ್ತೇನೆ: ನಾನು ಪಕ್ಷಪಾತಿಯೇ. ಚಿತೆಯ ಮುಂದೆ ನಿಂತವಳ ಪಕ್ಷ. ಅದಕ್ಕೆ ಚಿಹ್ನೆಯಿಲ್ಲ, ಟಿಕೆಟ್ಟಿಲ್ಲ, ಅದರ ಪರವಾಗಿ ಮಾತನಾಡುವ ಚಾನೆಲ್ಲೂ ಇಲ್ಲ.

ಹಿಂದಿನವರು ಯುದ್ಧದ ವರದಿಯನ್ನು ಕಲ್ಲಿನಲ್ಲಿ ಬರೆದರು. ಬಿ.ಎಲ್. ರೈಸ್ 1901ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 6ನೇ ಸಂಪುಟವಿಡೀ ಅಂದಿನ ಕಡೂರು ಜಿಲ್ಲೆಯದು. ನಮ್ಮ ನಾಡಿನ ಕೆರೆ ಏರಿಗಳ ಮೇಲೆ, ಗುಡಿಗಳ ಹಿಂದೆ ನಿಂತಿರುವ ವೀರಗಲ್ಲು ನೋಡಿ. ಕೆಳಗಿನ ಪಟ್ಟಿಯಲ್ಲಿ ಹೋರಾಟ, ನಡುವೆ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುವುದು, ಮೇಲೆ ಕೈಲಾಸ. ತುರು ಕದ್ದವರನ್ನು ಅಟ್ಟಿ ಸತ್ತರೆ ತುರುಗೋಳು; ಊರು ಉಳಿಸಲು ಸತ್ತರೆ ಊರಳಿವು; ಹೆಂಗಸರ ಮೊರೆ ಕೇಳಿ ನುಗ್ಗಿ ಸತ್ತರೆ ಪೆಣ್ಬುಯ್ಯಲು. ಹೆಣ್ಣಿನ ಹೆಸರಿನಲ್ಲಿ ಕಾಳಗ ನಡೆಯುವುದು ನಿನ್ನೆ ಮೊನ್ನೆಯದಲ್ಲ ಎಂದಾಯಿತು. ಆದರೂ ಆ ಕಲ್ಲುಕುಟಿಗನಿಗೆ ಒಂದು ಮರ್ಯಾದೆಯಿತ್ತು. ಒಬ್ಬ ಸತ್ತರೆ ಒಂದು ಕಲ್ಲು ನಿಲ್ಲಿಸಿದ. ಬೀಳದ ಊರನ್ನು ಬಿತ್ತೆಂದು ಕೆತ್ತಲು ಕಲ್ಲು ದುಬಾರಿ.

ಅದರ ಪಕ್ಕದಲ್ಲೇ ಮಾಸ್ತಿಕಲ್ಲು ಇರುತ್ತದೆ. ಗಂಡನ ಚಿತೆಗೆ ಬಿದ್ದವಳ ನೆನಪಿಗೆ ನಿಲ್ಲಿಸಿದ್ದು. ಎಷ್ಟೋ ಮಾಸ್ತಿಕಲ್ಲುಗಳಲ್ಲಿ ಇಡೀ ಹೆಂಗಸು ಇರುವುದೇ ಇಲ್ಲ. ಕಂಬದಿಂದ ಹೊರಟ ಒಂದು ತೋಳು, ಮೊಣಕೈ ಮಡಿಸಿ ಮೇಲೆತ್ತಿದ ಕೈ, ಕೈತುಂಬ ಬಳೆ, ಬೆರಳ ನಡುವೆ ನಿಂಬೆಹಣ್ಣು. ಮುಖವಿಲ್ಲ, ಬಾಯಿಯಿಲ್ಲ. ಊರಿಗೆ ಅವಳಿಂದ ಬೇಕಾಗಿದ್ದುದು ಆ ಬಳೆಯ ಕೈ ಮಾತ್ರ; ಅವಳು ಏನು ಕೂಗಿದಳು ಎನ್ನುವುದು ಬೇಕಿರಲಿಲ್ಲ. ಪಹಲ್ಗಾಮಿನ ಆ ಚಿತ್ರವನ್ನು ಇನ್ನೊಮ್ಮೆ ನೆನೆಸಿಕೊಳ್ಳಿ. ನಮ್ಮ ಟಿ.ವಿ.ಗೂ ಬೇಕಾಗಿದ್ದುದು ಬಳೆಯ ಕೈಯೇ. ಬಾಯಿ ಬಂದ ಕೂಡಲೇ ಕಲ್ಲು ಬಿತ್ತು.

ಹಿಂದೆ ಎಲ್ಲವೂ ಚೆನ್ನಾಗಿತ್ತು ಎಂದು ನಾನು ಹೇಳುತ್ತಿಲ್ಲ. 1962ರ ಚೀನಾ ಯುದ್ಧದಲ್ಲಿ ಟಿ.ವಿ. ಇರಲಿಲ್ಲ, ರೇಡಿಯೋ ಇದ್ದದ್ದೇ ಊರಿಗೊಂದೋ ಎರಡೋ. ಗಡಿಯಲ್ಲಿ ಸೋಲುತ್ತಿದ್ದ ವಿಷಯ ಜನರಿಗೆ ತಿಳಿಯುವಷ್ಟರಲ್ಲಿ ತಡವಾಗಿತ್ತು. ರಾಷ್ಟ್ರೀಯ ರಕ್ಷಣಾ ನಿಧಿಗೆ ಬಂಗಾರ ಕೊಡಿ ಎಂದಾಗ ದೇಶದ ಹೆಂಗಸರು ಬಳೆ, ಓಲೆ, ಸರ ಬಿಚ್ಚಿ ಕೊಟ್ಟರು. ಯಾರೂ ಬಲವಂತ ಮಾಡಲಿಲ್ಲ, ಕೇಳಿದರು, ಕೊಟ್ಟರು. ಬಂದ ಪ್ರತಿಫಲ ಗೊತ್ತೇ? 1963ರ ಜನವರಿಯಲ್ಲಿ ಮೊರಾರ್ಜಿ ದೇಸಾಯಿಯವರ ಚಿನ್ನ ನಿಯಂತ್ರಣ ಬಂತು. 14 ಕ್ಯಾರೆಟ್ಟಿಗಿಂತ ಹೆಚ್ಚಿನ ಹೊಸ ಒಡವೆ ಮಾಡಿಸುವಂತಿಲ್ಲ ಎಂದಾಯಿತು. ಅಕ್ಕಸಾಲಿಗರ ಕುಲುಮೆ ಆರಿತು. ಚಿನ್ನ ನಿಯಂತ್ರಣದ ಕಾನೂನು ಪೂರ್ತಿ ತೊಲಗಿದ್ದು 1990ರಲ್ಲಿ. ಅಂದಿನವರು ಬಂಗಾರವನ್ನಾದರೂ ಕೇಳಿ ಪಡೆದರು. ಇಂದಿನವರು ಕುಂಕುಮವನ್ನು ಕೇಳದೆ ಒಯ್ದರು. ಮೇ 22ರಂದು ಬಿಕಾನೇರಿನಲ್ಲಿ ಪ್ರಧಾನಿಯವರು, ತಮ್ಮ ನರಗಳಲ್ಲಿ ಹರಿಯುತ್ತಿರುವುದು ರಕ್ತವಲ್ಲ, ಬಿಸಿ ಸಿಂಧೂರ ಎಂದರು. ಸ್ವಾಮಿ, ಅದು ಇರಬೇಕಾದ್ದು ನಮ್ಮ ಹಣೆಯಲ್ಲಿ, ನಿಮ್ಮ ನರಗಳಲ್ಲಲ್ಲ.

ಈಗ ನಮ್ಮ ಮನೆಯ ಕಡೆ ತಿರುಗೋಣ, ಏಕೆಂದರೆ ಟಿ.ವಿ.ಯವರನ್ನು, ರಾಜಕಾರಣಿಗಳನ್ನು ಬೈದು ಕೈತೊಳೆದುಕೊಳ್ಳುವುದು ಸುಲಭ. ಗಂಡ ಸತ್ತವಳ ಕುಂಕುಮ ಅಳಿಸುವವರು ಯಾರು? ಬಂದೂಕಿನವನು ಗಂಡನನ್ನು ಕೊಂದ. ಕುಂಕುಮ ಅಳಿಸಲು, ಬಳೆ ಒಡೆಯಲು ಅವನು ನಮ್ಮ ಊರಿಗೆ ಬರುವುದಿಲ್ಲ. ಆ ಕೆಲಸವನ್ನು ನಾವೇ ಹತ್ತು ಜನ ಹೆಂಗಸರು ಸುತ್ತ ಕೂತು ಮಾಡುತ್ತೇವೆ. ವರಮಹಾಲಕ್ಷ್ಮಿಗೆ ಅರಿಶಿನ-ಕುಂಕುಮಕ್ಕೆ ಕರೆಯುವಾಗ ಅವಳ ಮನೆ ದಾಟಿ ಮುಂದಿನ ಮನೆಗೆ ಹೋಗುತ್ತೇವೆ. ಗೌರಿ ಹಬ್ಬದ ಮೊರದ ಬಾಗಿನ ಅವಳಿಗಿಲ್ಲ. ಮಗಳ ಮದುವೆಯಲ್ಲಿ ಹೆತ್ತ ತಾಯಿ ಅಡುಗೆಮನೆ ಬಾಗಿಲಲ್ಲಿ ನಿಂತು ಧಾರೆ ನೋಡುತ್ತಾಳೆ. ಟಿ.ವಿ.ಯಲ್ಲಿ ಸಿಂಧೂರಕ್ಕೆ ಸೇಡು ತೀರಿತು ಎಂದು ಕುಣಿದ ಗಂಡಸರ ಮನೆಗಳಲ್ಲೇ ಇದು ನಡೆಯುತ್ತದೆ. ಕುಂಕುಮ ಅಷ್ಟು ದೊಡ್ಡದಾಗಿದ್ದರೆ, ಅದಕ್ಕಾಗಿ ಗಡಿ ದಾಟಬಹುದಾದರೆ, ಬೀದಿ ದಾಟಿ ಅವಳ ಹಣೆಗೆ ಒಂದು ಚಿಟಿಕೆ ಇಡಲು ಏನಡ್ಡಿ?

ಅಡ್ಡಿಯಿಲ್ಲ ಎಂದು ತೋರಿಸಿದವರಿದ್ದಾರೆ. ನಮ್ಮ ಗಡಿಗೆ ಹತ್ತಿರದ ಕೊಲ್ಹಾಪುರ ಜಿಲ್ಲೆಯ ಹೇರವಾಡ ಗ್ರಾಮ ಪಂಚಾಯಿತಿ 2022ರ ಮೇ ತಿಂಗಳಲ್ಲಿ, ಗಂಡ ಸತ್ತ ಹೆಂಗಸಿನ ಬಳೆ ಒಡೆಯುವುದು, ಕುಂಕುಮ ಅಳಿಸುವುದು, ತಾಳಿ ತೆಗೆಯುವುದು ಇನ್ನು ನಮ್ಮೂರಲ್ಲಿ ಇಲ್ಲ ಎಂದು ಠರಾವು ಮಾಡಿತು. ಅದೇ ತಿಂಗಳು ಮಹಾರಾಷ್ಟ್ರ ಸರ್ಕಾರ ಉಳಿದ ಪಂಚಾಯಿತಿಗಳೂ ಹೀಗೆ ಮಾಡಲಿ ಎಂದು ಸುತ್ತೋಲೆ ಕಳಿಸಿತು. ಮಂಗಳೂರಿನ ಕುದ್ರೋಳಿ ಗೋಕರ್ಣನಾಥೇಶ್ವರ ದೇವಸ್ಥಾನದಲ್ಲಿ 2013ರಲ್ಲಿ ಇಬ್ಬರು ವಿಧವೆಯರನ್ನು ಅರ್ಚಕಿಯರನ್ನಾಗಿ ನೇಮಿಸಿದರು. ಆಕಾಶ ಬೀಳಲಿಲ್ಲ. ಕ್ಷಿಪಣಿಯೂ ಬೇಕಾಗಲಿಲ್ಲ. ಹೇರವಾಡದವರು ಮಾಡಿದ್ದು ಪಂಚಾಯಿತಿ ಕಟ್ಟೆಯಲ್ಲಿ ಕೂತು ಕೈ ಎತ್ತಿದ ಕೆಲಸ. ಅದನ್ನು ನೇರ ಪ್ರಸಾರ ಮಾಡಲು ಒಂದು ಚಾನೆಲ್ಲೂ ಮುಗಿಬೀಳಲಿಲ್ಲ.

ಇನ್ನೊಂದು ಯುದ್ಧ ಬಾರದಿರಲಿ. ಬಂದರೆ, ಟಿ.ವಿ. ಹಾಕುವ ಮೊದಲು ನಿಮ್ಮ ಬೀದಿಯಲ್ಲಿ ಸೇನೆಗೆ ಮಗನನ್ನು ಕಳಿಸಿದವಳು ಯಾರೆಂದು ನೆನಪು ಮಾಡಿಕೊಂಡು ಅವಳ ಜಗಲಿಯಲ್ಲಿ ಕೂತುಕೊಳ್ಳಿ. ಬೀಳದ ಊರನ್ನು ಬಿತ್ತೆಂದ ಚಾನೆಲ್ಲನ್ನು ಪಟ್ಟಿಯಿಂದ ತೆಗೆಯಿಸಿ. ಕೇಬಲ್ಲಿಗೆ ತಿಂಗಳ ದುಡ್ಡು ಕೊಡುವವರು ನಾವು. ಈ ಸಲದ ಗೌರಿ ಹಬ್ಬಕ್ಕೆ ಒಂದು ಬಾಗಿನ ಹೆಚ್ಚಿಗೆ ಕಟ್ಟಿ, ಕಟ್ಟಿದ್ದನ್ನು ಯಾರಿಗೆ ಕೊಡಬೇಕೆಂದು ನಿಮಗೇ ಗೊತ್ತು. ನಿಮ್ಮ ಕುಂಕುಮಕ್ಕೆ ಸೇಡು ತೀರಿಸಿದೆವು ಎಂದು ಮೈಕು ಹಿಡಿದು ಓಟು ಕೇಳಲು ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ, ಒಂದೇ ಮಾತು ಕೇಳಿ: ನಿಮ್ಮ ಮಗನ ಮದುವೆಯಲ್ಲಿ ಆರತಿ ಎತ್ತಲು ಆ ಹೆಣ್ಣುಮಗಳನ್ನು ಮುಂದಕ್ಕೆ ಕರೆಯುತ್ತೀರಾ? ಹೌದು ಎಂದರೆ ಒಳಗೆ ಕರೆದು ಕಾಫಿ ಕೊಡಿ. ಇಲ್ಲವಾದರೆ ಭರಣಿ ಒಳಗಿಟ್ಟು ಬಾಗಿಲು ಹಾಕಿಕೊಳ್ಳಿ.